ಕಿರಿದರ ವ್ಯಾಸಂಗಕ್ಕೆ ಹಿರಿದಾದ ಬುನಾದಿ

ಈಚೆಗೆ ಭಕ್ತರೊಬ್ಬರು ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಉತ್ತಮ ಅಂಕಗಳಿಂದ ತೇರ್ಗಡೆಯಾಗಿದ್ದಾಳೆ. ನ್ಯಾನೋ ವಿಜ್ಞಾನವನ್ನು ಓದಬೇಕೆಂಬುದು ಆಕೆಯ ಹಂಬಲ. ದೂರದ ಊರಿನ ಕಾಲೇಜೊಂದರಲ್ಲಿ ಆ ಹೆಸರಿನ ಪದವಿಯೇ ಇದೆಯೆಂದು ಯಾರೋ ಹೇಳಿದ್ದರಂತೆ. ಅದರ ಶುಲ್ಕಕ್ಕಾಗಿ, ಇರುವ ನಾಲ್ಕು ಎಕರೆಯಲ್ಲಿ ಎರಡನ್ನು ಮಾರಲು ತಂದೆ ಸಿದ್ಧರಾಗಿದ್ದರು. “ಶಾಸ್ತ್ರಿಗಳೇ, ಇದು ಎಂಥ ವಿದ್ಯೆ? ಇದಕ್ಕಾಗಿ ಹೊಲ ಮಾರಬಹುದೇ?” ಎಂದು ಕೇಳಿದರು.

ಮಠದಲ್ಲಿ ಸಂಸ್ಕೃತ, ಕನ್ನಡ ಗ್ರಂಥಗಳನ್ನು ಓದಿ ಬೆಳೆದ ನಾವು ಒಡನೆ ಉತ್ತರಿಸಲಾರದೆ ಎಂಟು ದಿನಗಳ ಅವಧಿ ಬೇಡಿದೆವು. ಬಲ್ಲವರಿಂದ ತಿಳಿದುದನ್ನು, ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ಒಂದು ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯ ವಸ್ತುಗಳು ಈ ವಿಜ್ಞಾನದ ವಿಷಯ. ಇಷ್ಟು ಕಿರಿದಾದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಹಳದಿ ಚಿನ್ನವು ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಹರಡಿಕೊಂಡಾಗ ಕೆಂಪಾಗಿ ಕಾಣುತ್ತದೆ. ಮೈಕೆಲ್ ಫ್ಯಾರಡೆಯವರು 1857ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಕಣವು ಕಿರಿದಾದಷ್ಟೂ ಅದರ ಮೇಲ್ಮೈಯ ಪ್ರಮಾಣ ಹೆಚ್ಚುತ್ತದೆ. ಒಂದು ಸೆಂಟಿಮೀಟರ್ ಘನದ ಆರು ಮುಖಗಳ ವಿಸ್ತಾರ 6 ಚದರ ಸೆಂಟಿಮೀಟರ್ ಮಾತ್ರ. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಎಂದರೆ ಸುಮಾರು ಒಂದೂವರೆ ಎಕರೆ! ರಾಸಾಯನಿಕ ಕ್ರಿಯೆಗಳು ಮೇಲ್ಮೈಯಲ್ಲಿ ನಡೆಯುವುದರಿಂದ ಇಂಥ ಕಣಗಳು ಬಹು ಚುರುಕಾಗಿರುತ್ತವೆ.

ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಸಾಧ್ಯತೆಯನ್ನು ರಿಚರ್ಡ್ ಫೈನ್‌ಮನ್ ಅವರು 1959ರ ಉಪನ್ಯಾಸವೊಂದರಲ್ಲಿ ಸೂಚಿಸಿದರು. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಅವರು ಪರಮಾಣುಗಳ ಮಟ್ಟದಲ್ಲಿ ಮೇಲ್ಮೈಯನ್ನು ಕಾಣಿಸುವ ಸೂಕ್ಷ್ಮದರ್ಶಕವನ್ನು ರೂಪಿಸಿ, 1986ರಲ್ಲಿ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಗಟ್ಟಿಯಾದ ನೆಲೆಯಿದೆ. ಸಿ.ಎನ್.ಆರ್. ರಾವ್ ಅವರು ಕಟ್ಟಿದ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ 1989ರಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಇನ್ನು ವ್ಯಾಸಂಗದ ಮಾತು. ಚಿನ್ನವು ಕೆಂಪಾಗುವುದೇಕೆಂಬುದನ್ನು ಭೌತಶಾಸ್ತ್ರ ಹೇಳಬೇಕು; ಆ ಕಣವನ್ನು ತಯಾರಿಸುವ ಬಗೆಯನ್ನು ರಸಾಯನಶಾಸ್ತ್ರ ಕಲಿಸಬೇಕು; ಅದನ್ನು ರೋಗಪರೀಕ್ಷೆಗೆ ಬಳಸಲು ಜೀವಶಾಸ್ತ್ರ ಬೇಕು; ಎಲ್ಲಕ್ಕೂ ಗಣಿತ ಬೇಕು. ಆದುದರಿಂದ ನ್ಯಾನೋ ಎಂಬುದು ಹಲವು ಶಾಸ್ತ್ರಗಳು ಕೂಡುವ ಸಂಗಮವೇ ಹೊರತು ಮೂಲಶಾಸ್ತ್ರಗಳನ್ನು ಬಿಟ್ಟು ಬೇರೆಯಾಗಿ ನಿಲ್ಲುವ ವಿದ್ಯೆಯಲ್ಲ. ಸಮೀಪದ ಒಳ್ಳೆಯ ಕಾಲೇಜಿನಲ್ಲಿ ಮೂಲವಿಜ್ಞಾನದ ಬಿ.ಎಸ್ಸಿ. ಮುಗಿಸಿ, ಜ್ಯಾಮ್ ಪರೀಕ್ಷೆಯ ಮೂಲಕ ದೊಡ್ಡ ಸಂಸ್ಥೆಗಳ ಎಂ.ಎಸ್ಸಿ.ಗೆ ಸೇರಿ, ಅಲ್ಲಿಂದ ಈ ಕ್ಷೇತ್ರವನ್ನು ಪ್ರವೇಶಿಸಬಹುದು. ಇಂಜಿನಿಯರಿಂಗ್ ಓದಿದವರಿಗೆ ಗೇಟ್ ಪರೀಕ್ಷೆಯ ದಾರಿಯಿದೆ. ಮೊದಲ ಪದವಿಗೇ ನ್ಯಾನೋ ಹೆಸರಿದ್ದರೆ ತಪ್ಪೇನಿಲ್ಲ. ಆದರೆ ಹಣ ಕಟ್ಟುವ ಮುನ್ನ ಪ್ರಯೋಗಾಲಯವನ್ನು ಕಣ್ಣಾರೆ ಕಂಡು, ವಿದ್ಯಾರ್ಥಿಗಳು ಉಪಕರಣಗಳನ್ನು ತಾವೇ ಬಳಸುವರೇ, ಹಿಂದೆ ಓದಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸುವುದು ಹಿತ.

ಪಿಎಚ್.ಡಿ.ಯವರೆಗೆ ಸಾಗಿದರೆ ಒಟ್ಟು ಸುಮಾರು ಹತ್ತು ವರ್ಷಗಳೇ ಬೇಕಾದೀತು. ಆದರೆ ಆ ಕೊನೆಯ ಘಟ್ಟದ ಹೊರೆ ಮನೆಯ ಮೇಲೆ ಬೀಳಬೇಕಾಗಿಲ್ಲ. ಅರ್ಹತಾ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಕೇಂದ್ರ ಸರ್ಕಾರದ ಸಂಶೋಧನ ವೇತನವುಂಟು. 2023ರಲ್ಲಿ ಅದರ ಆರಂಭಿಕ ಮೊತ್ತವನ್ನು ತಿಂಗಳಿಗೆ 37,000 ರೂಪಾಯಿಗಳಿಗೆ ಏರಿಸಲಾಯಿತು.

ಎಂಟು ದಿನಗಳ ಬಳಿಕ ಇದನ್ನೆಲ್ಲ ತಂದೆ–ಮಗಳಿಗೆ ತಿಳಿಸಿದೆವು. ಹೊಲ ಉಳಿಯಿತು, ಮಗಳು ಸಮೀಪದ ಪಟ್ಟಣದಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಹೊರಡುವಾಗ ತಂದೆ, “ಹತ್ತು ವರ್ಷವೆಂದರೆ ಬಂಧುಗಳು ಸುಮ್ಮನಿರುವರೇ? ಮದುವೆಯ ಮಾತೆತ್ತುತ್ತಾರೆ” ಎಂದರು. “ಹೊಲವನ್ನೇ ಕೊಡಲು ಸಿದ್ಧರಾದವರು ನೀವು, ಈಗ ಮಗಳಿಗೆ ಕಾಲವನ್ನು ಕೊಡಿರಿ” ಎಂದೆವು. ಇಂಥ ಮಕ್ಕಳಿರುವ ಎಲ್ಲ ತಂದೆತಾಯಿಗಳಲ್ಲಿ ನಮ್ಮ ಅರಿಕೆಯೂ ಇಷ್ಟೆ.