ಒಪ್ಪಿಕೊಂಡಿದ್ದಾನಂತಲ್ರೀ, ಇನ್ನೇನು ವಿಚಾರಣೆ?

ಜಿಲ್ಲಾ ನ್ಯಾಯಾಲಯದ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಲಾ ಕಾಲೇಜಿಗಿಂತ ಹೆಚ್ಚು ಕಾನೂನು ಕಿವಿಗೆ ಬೀಳುತ್ತದೆ. ಅದರಲ್ಲಿ ಅರ್ಧ ತಪ್ಪು. ಕೋರ್ಟು ವರದಿಗಾರನಾಗಿ ಆ ಬೆಂಚು ಸವೆಸಿದ ನನಗೆ ಅತಿ ಹೆಚ್ಚು ಸಲ ಕೇಳಿಸಿದ್ದು ಈ ಮಾತು: ‘ಅವನೇ ಒಪ್ಪಿಕೊಂಡಿದ್ದಾನಂತಲ್ರೀ, ಪೇಪರಿನಲ್ಲೇ ಬಂದಿದೆ. ಇನ್ನೇನು ವಿಚಾರಣೆ?’

ಪೇಪರಿನಲ್ಲಿ ಬಂದದ್ದು ನಿಜ, ಬರೆದವರಲ್ಲಿ ನಾನೂ ಒಬ್ಬ. ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲನ್ನು ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಆ ಸಾಲಿನ ಹಿಂದಿರುವುದು ಠಾಣೆಯ ರೈಟರು ಬರೆದ ಕಾಗದ. ಅದರ ಹೆಸರು ‘ಸ್ವಇಚ್ಛಾ ಹೇಳಿಕೆ’. ಆರೋಪಪಟ್ಟಿಗಳ ನಡುವೆ ಇವನ್ನು ಸಾಕಷ್ಟು ಓದಿದ್ದೇನೆ. ಗಾರೆ ಕೆಲಸದವನಾಗಲಿ, ಎಂಜಿನಿಯರ್ ಆಗಲಿ, ಎಲ್ಲರೂ ಒಂದೇ ಕನ್ನಡ ಮಾತಾಡುತ್ತಾರೆ. ‘ಮೇಲ್ಕಂಡ ವಿಳಾಸದಲ್ಲಿ ಸಂಸಾರ ಸಮೇತ ವಾಸವಾಗಿರುತ್ತೇನೆ’ ಎಂದು ಶುರುವಾಗುತ್ತದೆ. ‘ನನ್ನ ಜೊತೆಯಲ್ಲಿ ಬಂದಲ್ಲಿ ಚಾಕುವನ್ನು ಬಿಸಾಡಿದ ಜಾಗವನ್ನು ತೋರಿಸಿಕೊಡುತ್ತೇನೆ’ ಎಂದು ಮುಗಿಯುತ್ತದೆ. ಠಾಣೆಯೊಳಗೆ ಇಷ್ಟು ವ್ಯಾಕರಣಬದ್ಧವಾಗಿ ಯಾರಿಗೆ ಪಶ್ಚಾತ್ತಾಪವಾಗುತ್ತದೋ ಗೊತ್ತಿಲ್ಲ.

ಕಾನೂನಿನ ಪ್ರಕಾರ ಆ ಕಾಗದದಲ್ಲಿನ ತಪ್ಪೊಪ್ಪಿಗೆಗೆ ಬೆಲೆ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಇದು ಇತ್ತೀಚಿನ ಮಾನವ ಹಕ್ಕುಗಳ ಮಾತೆಂದು ಹಲವರು ತಿಳಿದಿದ್ದಾರೆ. ಅಲ್ಲ, ಇದು ಬ್ರಿಟಿಷರ ಕಾಲದ್ದು. ಮದರಾಸು ಪ್ರಾಂತ್ಯದಲ್ಲಿ (ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಅದರಲ್ಲೇ ಇದ್ದವು) ಕಂದಾಯ ಮತ್ತು ಪೊಲೀಸ್ ಸಿಬ್ಬಂದಿ ಜನರಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ಬಗ್ಗೆ 1855ರಲ್ಲಿ ಸರ್ಕಾರದ್ದೇ ಆಯೋಗ ವರದಿ ಕೊಟ್ಟಿತ್ತು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ನಿಷೇಧ ಬಂತು, 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೇ ಕಲಮಾಗಿ ಉಳಿದಿದೆ. ಪರಕೀಯರ ಸರ್ಕಾರ ತನ್ನದೇ ಪೊಲೀಸರನ್ನು ನಂಬಲಿಲ್ಲ. ಸ್ವತಂತ್ರ ಭಾರತದ ಸಂಸತ್ತೂ ಆ ಅಪನಂಬಿಕೆಯನ್ನು ಅಳಿಸಲಿಲ್ಲ.

ಹಾಗಾದರೆ ರೈಟರು ಅಷ್ಟೊಂದು ಬರೆಯುವುದೇಕೆ? ಆ ಕೊನೆಯ ಸಾಲಿಗಾಗಿ. ಕಸ್ಟಡಿಯಲ್ಲಿರುವವನು ಕೊಟ್ಟ ಮಾಹಿತಿಯಿಂದ ವಸ್ತುವೊಂದು ಸಿಕ್ಕರೆ, ಸಿಕ್ಕ ಸಂಗತಿಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ‘ಚಾಕು ಬಾವಿ ಪಕ್ಕದ ಪೊದೆಯಲ್ಲಿದೆ’ ಎಂಬುದು ನಿಲ್ಲುತ್ತದೆ, ‘ಅದರಿಂದಲೇ ಕೊಂದೆ’ ಎಂಬುದು ಬಿದ್ದುಹೋಗುತ್ತದೆ. ಪಾಟಿ ಸವಾಲಿನಲ್ಲಿ ವಕೀಲರು ಮಹಜರಿನ ಪಂಚರನ್ನು ಹಿಡಿದು ಜಗ್ಗುವುದು ಇದಕ್ಕೇ: ನೀವು ನಿಜವಾಗಿ ಆ ಪೊದೆಯ ಹತ್ತಿರ ಹೋಗಿದ್ದಿರಾ, ಅಥವಾ ಠಾಣೆಯಲ್ಲೇ ಕೂತು ಸಹಿ ಹಾಕಿದಿರಾ? ಎಷ್ಟೋ ಕೇಸುಗಳ ಜೀವ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ನಿಜವಾಗಿ ಒಪ್ಪಿಕೊಳ್ಳಬೇಕೆನಿಸಿದವನಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾರಿಯಿದೆ. ಹೇಳಿಕೆ ಕೊಡಲೇಬೇಕೆಂದಿಲ್ಲ, ಕೊಟ್ಟರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ಅವರು ಮೊದಲೇ ಎಚ್ಚರಿಸಬೇಕು. ಅಲ್ಲಿಗೆ ಬಂದವನು ‘ಬೇಡ ಸ್ವಾಮಿ, ಹೇಳುವುದಿಲ್ಲ’ ಎಂದರೆ ಅವನನ್ನು ಮತ್ತೆ ಪೊಲೀಸ್ ಕಸ್ಟಡಿಗೆ ಒಪ್ಪಿಸುವಂತಿಲ್ಲ. ಬಾಯಿ ಬಿಡದೆ ವಾಪಸು ಹೋದವನಿಗೆ ಠಾಣೆಯಲ್ಲಿ ಏನಾಗಬಹುದು ಎಂಬುದು ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಲ್ಲದೆಂಬ ನಿಯಮಕ್ಕೂ ಅಪವಾದ ಇಲ್ಲದಿಲ್ಲ. ನಮ್ಮ ರಾಜ್ಯದ್ದೇ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ‘ಕೋಕಾ’, ಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಷರತ್ತುಗಳೊಂದಿಗೆ ಸಾಕ್ಷ್ಯವೆಂದು ಒಪ್ಪುತ್ತದೆ. ಎಸ್‌ಪಿ ಕಚೇರಿಯ ಗೋಡೆಗಳು ಠಾಣೆಯ ಗೋಡೆಗಳಿಗಿಂತ ಮೆತ್ತಗಿರುತ್ತವೆಯೇ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಬೆಂಚಿನ ಇನ್ನೊಂದು ತುದಿಯಿಂದ ಬರುವ ಸಲಹೆ: ‘ಮಂಪರು ಪರೀಕ್ಷೆ ಮಾಡಿಸಿದರೆ ಎಲ್ಲ ಕಕ್ಕುತ್ತಾನೆ.’ ಈ ನಂಬಿಕೆ ಬೇರೂರಲು ಬೆಂಗಳೂರಿನ ಪಾಲು ದೊಡ್ಡದು. ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲಕ್ಕೆ ಈ ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿ ಅರೆಪ್ರಜ್ಞೆಯಲ್ಲಿ ತೊದಲುತ್ತಿದ್ದ ದೃಶ್ಯವನ್ನು ಜನ ಟಿವಿಯಲ್ಲಿ ಧಾರಾವಾಹಿಯಂತೆ ನೋಡಿದರು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆಯಿತು. ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡಬಾರದು, ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ ಎಂದಿತು. ಆ ತೀರ್ಪಿನ ಹೆಸರಿನಲ್ಲೇ ನಾವಿದ್ದೇವೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಸುಮ್ಮನಿರುವ ಹಕ್ಕು ಹಾಲಿವುಡ್ ಸಿನಿಮಾದ್ದು, ನಮ್ಮಲ್ಲಿಲ್ಲ ಎನ್ನುವವರೂ ಇದ್ದಾರೆ. ಆದರೆ ಸಂವಿಧಾನದ 20(3)ನೇ ವಿಧಿ ಆ ಹಕ್ಕನ್ನೇ ಹೇಳುತ್ತದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ, 1978ರಲ್ಲಿ, ಈ ಹಕ್ಕು ಕೋರ್ಟಿನ ಕಟಕಟೆಯಲ್ಲಷ್ಟೇ ಅಲ್ಲ, ಪೊಲೀಸರ ಪ್ರಶ್ನೆಗಳ ಮುಂದೆಯೂ ಇದೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೆಸರು ವಿಳಾಸ ಹೇಳದೆ ಹಟ ಹಿಡಿಯಬಹುದು ಅಂತಲ್ಲ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯುವ ಉತ್ತರ ಕೊಡಬೇಕಿಲ್ಲ, ಅಷ್ಟೆ.

ಎಫ್‌ಐಆರ್ ಆದರೆ ಅರೆಸ್ಟ್ ಗ್ಯಾರಂಟಿ ಎಂಬುದೂ ಸುಳ್ಳು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕೇಬೇಕು ಎಂದು ಪೊಲೀಸರು ಕಾರಣ ಬರೆಯಬೇಕು. ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನ ತಿರುಳು ಇದು. ಬಂಧಿಸಿದರೋ, ಕಾರಣ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೂ ‘ಸುಮ್ಮನೆ ವಿಚಾರಣೆಗೆ ಕರೆದಿದ್ದೇವೆ’ ಎಂದು ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿಕೊಂಡು, ಮೂರನೆಯ ದಿನ ಬಂಧನದ ಸಮಯ ಬರೆಯುವ ಕಲೆ ಇನ್ನೂ ಸತ್ತಿಲ್ಲ. ಮನೆಯವರು ಮೊದಲ ದಿನವೇ ಎಸ್‌ಪಿಗೆ ಒಂದು ಇಮೇಲ್ ಹಾಕಿದರೆ, ಆ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸುವುದು ಕಷ್ಟವಾಗುತ್ತದೆ.

ಇನ್ನು ವಕೀಲರಿಗೆ ಬೀಳುವ ಬೈಗುಳ. ‘ಅಂಥವನ ಪರ ವಕಾಲತ್ತು ಹಾಕಲು ಹೇಗೆ ಮನಸ್ಸು ಬಂತು?’ 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ವಿದ್ಯಾರ್ಥಿಗಳ ಪರ ಯಾರೂ ವಾದಿಸಬಾರದೆಂದು ಸ್ಥಳೀಯ ವಕೀಲರೇ ನಿರ್ಣಯ ಮಾಡಿದರು. ಬೆಂಗಳೂರಿನಿಂದ ಹೊರಟ ವಕೀಲರಿಗೆ ಹೈಕೋರ್ಟು ಪೊಲೀಸ್ ರಕ್ಷಣೆ ಕೊಡಿಸಬೇಕಾಯಿತು. ಇಂಥ ನಿರ್ಣಯಗಳಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿತ್ತು. ಮುಂಬೈ ದಾಳಿಯ ಕಸಬ್‌ಗೂ ಸರ್ಕಾರಿ ವೆಚ್ಚದಲ್ಲಿ ವಕೀಲರಿದ್ದರು. ಅವನಿಗೆ ಗಲ್ಲಾಯಿತು, ಅದು ಎಲ್ಲರಿಗೂ ನೆನಪಿದೆ. ಅದೇ ಕೇಸಿನಲ್ಲಿ ಪೊಲೀಸರು ಸೇರಿಸಿದ್ದ ಇಬ್ಬರು ಭಾರತೀಯರ ವಿರುದ್ಧದ ಸಾಕ್ಷ್ಯ ಪಾಟಿ ಸವಾಲಿನಲ್ಲಿ ನಿಲ್ಲದೆ, ವಿಚಾರಣಾ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೂ ಅವರ ಖುಲಾಸೆಯೇ ಗಟ್ಟಿಯಾಯಿತು ಎಂಬುದು ಯಾರ ನೆನಪಿನಲ್ಲೂ ಇಲ್ಲ.

‘ತಪ್ಪು ಮಾಡದವನಿಗೆ ವಕೀಲ ಯಾಕೆ?’ ಎನ್ನುವವರಿಗೆ ನಾನು ಕೊಡಗಿನ ಒಬ್ಬ ಕೂಲಿಯ ಕಥೆ ಹೇಳುತ್ತೇನೆ. ಹೆಂಡತಿಯನ್ನು ಕೊಂದ ಆರೋಪದಲ್ಲಿ ಆತ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. ಅಸ್ಥಿಪಂಜರ ಸಿಕ್ಕಿತ್ತು, ಆರೋಪಪಟ್ಟಿ ಆಗಿತ್ತು, ವಿಚಾರಣೆಯೂ ನಡೆದಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಣ್ಣಿಗೆ ಬಿದ್ದಳು. ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಇದನ್ನು ಹೇಳಿದರೆ ಬೆಂಚು ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ, ‘ಅದು ಬಿಡಿ, ಎಲ್ಲೋ ಒಂದು’ ಎನ್ನುತ್ತಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವಿದೆ, 15100ಕ್ಕೆ ಫೋನ್ ಮಾಡಬಹುದು. ಕಸ್ಟಡಿಯಲ್ಲಿರುವವನಿಗೆ ಆದಾಯದ ಮಿತಿಯೂ ಇಲ್ಲ. ಪುಕ್ಕಟೆ ವಕೀಲ ಅಂದರೆ ಕೈಲಾಗದ ವಕೀಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ; ಸಾವಿರಾರು ರೂಪಾಯಿ ತೆತ್ತು ಕೈಲಾಗದವರನ್ನು ಹಿಡಿದವರನ್ನೂ ನೋಡಿದ್ದೇನೆ.

ಜಾಮೀನು ಸಿಕ್ಕಿದ ದಿನ ಪಟಾಕಿ ಹೊಡೆಯುವುದೂ, ‘ನ್ಯಾಯ ಸತ್ತಿತು’ ಎಂದು ಫೇಸ್‌ಬುಕ್ಕಿನಲ್ಲಿ ಬರೆಯುವುದೂ ಒಂದೇ ತಪ್ಪಿನ ಎರಡು ಮುಖ. ಜಾಮೀನು ತೀರ್ಪಲ್ಲ, ಕರೆದಾಗ ಬರುತ್ತೇನೆಂಬ ಮುಚ್ಚಳಿಕೆ. ಪೊಲೀಸರು 60 ದಿನದಲ್ಲಿ, ಗಂಭೀರ ಪ್ರಕರಣಗಳಲ್ಲಿ 90 ದಿನದಲ್ಲಿ ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಅರ್ಜಿ ಹಾಕಿ ಕೇಳಬೇಕು. ಕೇಳುವುದರೊಳಗೆ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಯಿತು.

ಆದೇಶವಾದ ಮೇಲೂ ಎಷ್ಟೋ ಜನ ಒಳಗೇ ಉಳಿಯುವುದು ಶ್ಯೂರಿಟಿ ಸಿಗದೆ. ಒಂದು ಮಧ್ಯಾಹ್ನ ಕಂಡದ್ದು: ಜಗಳದ ಕೇಸಿನ ಹುಡುಗನಿಗೆ ಜಾಮೀನಾಗಲು ಅವನ ದೊಡ್ಡಪ್ಪ ಹಳ್ಳಿಯಿಂದ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾಗಿ ಮಡಚಿದ ಪಹಣಿ, ಆಧಾರ್ ಜೆರಾಕ್ಸ್, ಬಸ್ಸಿನ ಟಿಕೆಟ್ಟೂ ಅದರಲ್ಲೇ. ನ್ಯಾಯಾಧೀಶರು ಪಹಣಿಯ ಮೇಲೆ ಕಣ್ಣಾಡಿಸಿ ಕೇಳಿದರು: ‘ಇವನು ಓಡಿಹೋದರೆ ದುಡ್ಡು ನೀವು ಕಟ್ಟಬೇಕಾಗುತ್ತೆ, ಗೊತ್ತಾ?’

‘ಎಲ್ಲಿಗೆ ಓಡ್ತಾನೆ ಸ್ವಾಮಿ,’ ಎಂದರು ದೊಡ್ಡಪ್ಪ, ‘ನಾಟಿ ಕೆಲಸ ಅರ್ಧಕ್ಕೇ ನಿಂತಿದೆ.’