ನೀಲಿ ಕೂಸಿನ ಡಾಕ್ಟರಮ್ಮ

ಅಕ್ಷರ ಕೂಡಿಸಲು ನಾವು ಎಷ್ಟು ತಿಣುಕಿದೆವು! ಅಮೆರಿಕದ ಹೆಲೆನ್ ಟಾಸಿಗ್ ಅವರಿಗೂ ಚಿಕ್ಕಂದಿನಲ್ಲಿ ಓದು ಹತ್ತುತ್ತಿರಲಿಲ್ಲ. ಆದರೂ 1927ರಲ್ಲಿ ಡಾಕ್ಟರಾದರು. ಆಮೇಲೆ ಕಿವಿ ಮಂದವಾಯಿತು. ಮಕ್ಕಳ ಎದೆ ಮೇಲೆ ಕೈಯಿಟ್ಟೇ ಗುಂಡಿಗೆ ಬಡಿತ ತಿಳೀತಿದ್ದರು.

ಕೆಲವು ಕೂಸುಗಳು ನೀಲಿಗಟ್ಟುತ್ತವೆ. ಯಾಕೆ? ದೃಷ್ಟಿ ತಾಗಿ ಅಲ್ಲ. ನಾವು ಎಳೆದ ಗಾಳಿ ಶ್ವಾಸಕೋಶದಲ್ಲಿ ರಕ್ತಕ್ಕೆ ಸೇರಬೇಕು. ಅಲ್ಲಿಗೆ ರಕ್ತ ಹೋಗುವ ದಾರಿ ಇಕ್ಕಟ್ಟಾಗಿ, ಗುಂಡಿಗೆಯಲ್ಲಿ ತೂತೂ ಇದ್ದರೆ, ಗಾಳಿ ಸೇರದ ರಕ್ತವೇ ಮೈಗೆ ಹರಿಯುತ್ತದೆ.

ಶ್ವಾಸಕೋಶಕ್ಕೆ ಬೇರೊಂದು ಕಾಲುವೆ ತೆಗೆಯಬಹುದೆಂದು ಹೆಲೆನ್‌ಗೆ ಹೊಳೆಯಿತು. ವಿವಿಯನ್ ಥಾಮಸ್ ಮೊದಲು ನಾಯಿಗಳ ಮೇಲೆ ಮಾಡಿ ನೋಡಿದರು. 1944ರ ನವೆಂಬರ್ 29ರಂದು ಡಾಕ್ಟರ್ ಬ್ಲಾಲಾಕ್ ಒಂದು ಕೂಸಿನ ತೋಳಿನ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಆ ಕೂಸು ಕೆಲವು ತಿಂಗಳಷ್ಟೇ ಬದುಕಿತು. ಆಮೇಲೆ ಸಾವಿರಾರು ಮಕ್ಕಳು ಉಳಿದರು.

ಅಳುವಾಗ ಕೂಸಿನ ತುಟಿ, ಉಗುರು ನೀಲಿಯಾದರೆ ತಡ ಮಾಡಬೇಡಿ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.