ಪದ ಉಳಿಯಿತು, ಧಾಟಿ ಎಲ್ಲಿ ಹೋಯಿತು?

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಹಳೆಯ ಕೋಟೆಯೊಂದಿದೆ. 9ನೇ ಶತಮಾನದಲ್ಲಿ ಇದೇ ಊರು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಚತ್ತಾಣ, ಬೆದಂಡೆ ಎಂಬ ಎರಡು ಕಾವ್ಯರೂಪಗಳನ್ನು ಹೆಸರಿಸುತ್ತದೆ. ಇವು ಹಾಡುವ ರಚನೆಗಳಾಗಿದ್ದಿರಬೇಕು ಎಂಬುದು ವಿದ್ವಾಂಸರ ಊಹೆ. ಅದು ಊಹೆಯಾಗಿಯೇ ಉಳಿದಿದೆ. ಧಾಟಿಯನ್ನು ತಿಳಿಸುವ ಬರಹ ಯಾವುದೂ ನಮಗೆ ದೊರೆತಿಲ್ಲ.

ಇಟಲಿಯ ಕಥೆ ಬೇರೆ. ರಂಗಮಂದಿರಗಳಿಗೆ ಸ್ವರಲಿಪಿ ನಕಲು ಮಾಡಿಕೊಡುತ್ತಿದ್ದ ಜೊವಾನ್ನಿ ರಿಕೋರ್ಡಿ 1808ರಲ್ಲಿ ಮಿಲಾನ್ ನಗರದಲ್ಲಿ ಸಂಗೀತ ಪ್ರಕಾಶನ ಆರಂಭಿಸಿದ. ಆ ಮನೆತನ ಕೂಡಿಟ್ಟ ಕಾಗದಗಳೇ ಇಂದಿನ ರಿಕೋರ್ಡಿ ಸಂಗ್ರಹ. ಮಿಲಾನಿನ ಬ್ರೈಡೆನ್ಸೆ ಗ್ರಂಥಾಲಯದಲ್ಲಿರುವ ಈ ಸಂಗ್ರಹದಲ್ಲಿ ಸುಮಾರು 7,800 ಮೂಲ ಸ್ವರಲಿಪಿಗಳಿವೆ. ವರ್ದಿ ಎಂಬ ಮಹಾನ್ ಸಂಗೀತಗಾರ ರಚಿಸಿದ 28 ಗೀತನಾಟಕಗಳ ಪೈಕಿ 23ರ ಹಸ್ತಪ್ರತಿಗಳು ಇಲ್ಲಿವೆ. ಅವನು ತೀರಿಕೊಂಡದ್ದು 1901ರಲ್ಲಿ. ಆದರೂ ಅವನ ಸಂಗೀತವನ್ನು ಇಂದಿಗೂ ಕಾಗದ ನೋಡಿ ನುಡಿಸಬಹುದು.

ಹಾಗೆಂದು ನಮ್ಮವರಿಗೆ ಸ್ವರ ಬರೆಯುವುದು ತಿಳಿದಿರಲಿಲ್ಲ ಎನ್ನುವಂತಿಲ್ಲ. ತಮಿಳುನಾಡಿನ ಕುಡುಮಿಯಾನ್‌ಮಲೈ ಬಂಡೆಯ ಮೇಲೆ 7ನೇ ಶತಮಾನದಷ್ಟು ಹಿಂದೆಯೇ ಸ್ವರಗಳನ್ನು ಕೆತ್ತಲಾಗಿದೆ. ಆದರೆ ನಮ್ಮ ಸಂಗೀತದ ಜೀವ ಗಮಕದಲ್ಲಿ, ಮೀಂಡಿನಲ್ಲಿದೆ. ಅದು ಅಕ್ಷರಕ್ಕೆ ಸುಲಭವಾಗಿ ಸಿಗದು. ಗುರುವಿನ ಎದುರು ಕುಳಿತು ಕಲಿಯುವುದೇ ನಮ್ಮ ಕ್ರಮವಾಯಿತು.

ಈ ಕ್ರಮದ ಅಪಾಯ ಏನೆಂಬುದನ್ನು ತತ್ವಪದಗಳಲ್ಲಿ ಕಾಣಬಹುದು. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಬ ಮೊದಲಾದವರ ಪದಗಳನ್ನು ಕಲಬುರಗಿ ಸೀಮೆಯ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಹಾಡುತ್ತ ಬಂದಿವೆ. ಸಾಹಿತ್ಯವೇನೋ ನೋಟುಪುಸ್ತಕಗಳಲ್ಲಿದೆ, ಅಚ್ಚೂ ಆಗಿದೆ. ಧಾಟಿ ಮಾತ್ರ ಹಾಡುವವರ ಕೊರಳಲ್ಲಿದೆ. ಹಳೆಯ ಹಾಡಿನ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆಯುವ ರೂಢಿಯುಂಟು. ಆ ಮೊದಲ ಹಾಡೇ ಮರೆತುಹೋದರೆ ಎರಡನೆಯದಕ್ಕೂ ದಾರಿ ಇಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿರಲಿ, ವಾಡಿ, ಶಹಾಬಾದಿನ ಕಾರ್ಮಿಕರ ಓಣಿಗಳಿರಲಿ, ಹಿರಿಯ ಹಾಡುಗಾರರ ದನಿಯನ್ನು ಹಿಡಿದಿಡಲು ಈಗ ದೊಡ್ಡ ಯಂತ್ರ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಜೊತೆಗೆ ಹಾಡಿದವರ ಹೆಸರು, ಊರು, ದಿನಾಂಕ, ಅವರು ಯಾರಿಂದ ಕಲಿತರು ಎಂಬುದನ್ನೂ ಬರೆದಿಡಬೇಕು. ಸ್ವರಲಿಪಿಯನ್ನು ಬಲ್ಲವರು ಮುಂದೆ ಬರೆದಾರು. ಬೆದಂಡೆಯನ್ನು ಕೇಳುವ ಭಾಗ್ಯ ನಮಗೆ ಸಿಗಲಿಲ್ಲ. ತತ್ವಪದದ ವಿಷಯದಲ್ಲಿ ಮುಂದಿನವರು ಅದೇ ಮಾತು ಹೇಳುವಂತಾಗಬಾರದು.